ಆರು–ಹದಿನಾರು

ಫರೀದಾಬಾದಿನಲ್ಲಿದ್ದುಕೊಂಡು ಹಾಟ್ ರಾಡ್ ಕಾರಿನ ಹುಚ್ಚು ಹತ್ತಿಸಿಕೊಂಡವನು ಅದನ್ನು ಊಟದ ಮೇಜಿನ ಮೇಲೆ ಇಟ್ಟುಕೊಳ್ಳುವುದೇ ಕ್ಷೇಮ. ರಸ್ತೆಗಿಳಿಸಿದರೆ ಕೇಸು ಬೀಳುತ್ತದೆ. ಇದು ರಾಜಧಾನಿ ವಲಯ. ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿ, ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಇಲ್ಲಿ ಓಡಬಾರದೆಂಬ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟೇ ಎತ್ತಿಹಿಡಿಯಿತು. ಆಮೇಲೆ ಅದು ಒಮ್ಮೆ ಬಿಗಿಯಾಗಿದೆ, ಒಮ್ಮೆ ಸಡಿಲವಾಗಿದೆ. ಇವತ್ತಿನ ಸ್ಥಿತಿ ಇವತ್ತಿನ ಪೇಪರಿಗೇ ಗೊತ್ತು. ಐವತ್ತು ವರ್ಷ ದಾಟಿ, ಹುಟ್ಟಿದ ರೂಪದಲ್ಲೇ ಉಳಿದಿದ್ದರೆ ವಿಂಟೇಜ್ ಎಂದು ಸರ್ಕಾರ ಮರ್ಯಾದೆ ಕೊಡುತ್ತದೆ. ಹುಟ್ಟಿದ ರೂಪ ಬಿಟ್ಟಿರೋ, 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಬಾಗಿಲ ಬಳಿ ನಿಂತಿರುತ್ತದೆ. ಕಂಪನಿಯವರು ಮಾಡಿಕೊಟ್ಟ ಗಾಡಿಯನ್ನು ಮನಸ್ಸಿಗೆ ಬಂದಂತೆ ತಿದ್ದುವ ಹಾಗಿಲ್ಲ ಎಂದು 2019ರಲ್ಲಿ ಕೋರ್ಟು ಮತ್ತೊಮ್ಮೆ ಹೇಳಿದೆ. ಹಾಟ್ ರಾಡ್ ಅಂದರೆ ಹಳೇ ಕಾರು, ಅದೂ ತಿದ್ದಿದ ಕಾರು. ಎರಡು ಅಪರಾಧ ಒಂದೇ ಛಾಸಿಯ ಮೇಲೆ. ಆದ್ದರಿಂದ ನನ್ನದು ಇಪ್ಪತ್ತೈದರಲ್ಲಿ ಒಂದು ಪಾಲಿನ ಗಾತ್ರದ್ದು, ಪ್ಲಾಸ್ಟಿಕ್ಕಿನದು. ಅದಕ್ಕೆ ಆರ್.ಟಿ.ಒ. ಭಯವಿಲ್ಲ. ಮನೆ ಕೆಲಸದಾಕೆಯ ಪೊರಕೆಯ ಭಯವೊಂದೇ.

ಮಾಡೆಲ್ಲು ಕಳಿಸಿದವಳು ಕ್ಯಾಲಿಫೋರ್ನಿಯಾದಲ್ಲಿರುವ ಮಗಳು. ಟ್ರ್ಯಾಕ್ಟರ್ ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡ ಅಪ್ಪ ನಿವೃತ್ತನಾದ ಮೇಲೆ ಅಮ್ಮನ ಅಡುಗೆಮನೆಯ ಡಬ್ಬಿಗಳಿಗೆ ಎತ್ತರದ ಕ್ರಮದಲ್ಲಿ ಜಾಗ ಗೊತ್ತುಮಾಡಲು ಶುರುಮಾಡಿದ್ದಾನೆ ಎಂಬ ವರದಿ ಅವಳಿಗೆ ಮುಟ್ಟಿತ್ತು. ಪರಿಹಾರಕ್ಕೆ 1932ರ ಫೋರ್ಡ್ ಬಂತು.

ಆ ಇಸವಿಗೆ ಒಂದು ಮಹಿಮೆಯಿದೆ. ಎಂಟು ಸಿಲಿಂಡರಿನ ವಿ-8 ಎಂಜಿನ್ನು ಅಲ್ಲಿಯವರೆಗೆ ಸಾಹುಕಾರರ ಸೊತ್ತಾಗಿತ್ತು. ಹೆನ್ರಿ ಫೋರ್ಡ್ 1932ರಲ್ಲಿ ಅದನ್ನು ಸಾಮಾನ್ಯರ ಕಾರಿಗೆ ಹಾಕಿಬಿಟ್ಟ. ಆ ಕಾರುಗಳು ಕೈಯಿಂದ ಕೈಗೆ ದಾಟಿ, ಬೆಲೆ ಇಳಿದು, ಕೊನೆಗೆ ಜೇಬಿನಲ್ಲಿ ಏನೂ ಇಲ್ಲದ ಹುಡುಗರಿಗೆ ಸಿಕ್ಕವು. ಹುಡುಗರು ಮಡ್‌ಗಾರ್ಡ್ ಕಿತ್ತರು, ಬಂಪರ್ ಕಿತ್ತರು, ಕೆಲವರು ಮೇಲ್ಛಾವಣಿಯನ್ನೂ ಕೊಯ್ದು ಗಿಡ್ಡ ಮಾಡಿದರು. ಲಾಸ್ ಏಂಜಲೀಸಿನಾಚೆ ಮುರಾಕ್, ಎಲ್ ಮಿರಾಜ್ ಎಂಬ ಒಣಗಿದ ಕೆರೆಗಳ ಅಂಗಳದಲ್ಲಿ ಯಾರದು ಜೋರು ಎಂದು ಓಡಿಸಿ ನೋಡಿದರು. 1937ರಲ್ಲಿ ಅದಕ್ಕೊಂದು ಸಂಘ ಕಟ್ಟಿಕೊಂಡರು. ಯುದ್ಧಕ್ಕೆ ಹೋದರು, ಬದುಕಿದವರು ಬಂದು ಮತ್ತೆ ಸ್ಪ್ಯಾನರು ಹಿಡಿದರು. 1948ರ ಜನವರಿಯಲ್ಲಿ ‘ಹಾಟ್ ರಾಡ್’ ಎಂಬ ಹೆಸರಿನ ಪತ್ರಿಕೆಯೇ ಹುಟ್ಟಿತು.

ಬಾಡಿ ಅಂಟಿಸಿದೆ, ಎಂಜಿನ್ ಕೂರಿಸಿದೆ. ಅಲ್ಲಿಯವರೆಗೆ ಸಂಸಾರ ಸುಗಮವಾಗಿತ್ತು. ತೊಂದರೆ ಶುರುವಾದದ್ದು ಚಕ್ರದಿಂದ.

ಪೆಟ್ಟಿಗೆಯಲ್ಲಿ ಎರಡು ಸೆಟ್ಟು ಚಕ್ರವಿದ್ದವು. ಒಂದು ಸೆಟ್ಟು 1932ರ ಕಾರಿನ ಜೊತೆಗೇ ಹುಟ್ಟಿದ ಕಡ್ಡಿ ಚಕ್ರ, ಹದಿನೆಂಟು ಇಂಚಿನದು, ಎತ್ತರಕ್ಕೆ ಸಣಕಲಾಗಿ ನಿಲ್ಲುವಂಥದ್ದು. ಇನ್ನೊಂದು ಐದು ಕಾಲಿನ, ಥಳಥಳ ಹೊಳೆಯುವ ಮ್ಯಾಗ್ ಚಕ್ರ. ಹೆಂಡತಿ ಹಿಂದೆ ನಿಂತು ನೋಡಿ, “ಇದೇ ಚೆನ್ನಾಗಿದೆಯಲ್ಲರೀ, ಬೆಳ್ಳಿ ಪಾತ್ರೆ ಥರ ಇದೆ, ಹಾಕಿ ಮುಗಿಸಿ” ಅಂದಳು. ಹಾಕಿ ಮುಗಿಸಬಹುದಿತ್ತು. ಆದರೆ ಆ ಐದು ಕಾಲಿನ ಟಾರ್ಕ್ ಥ್ರಸ್ಟ್ ಚಕ್ರ ಪೇಟೆಗೆ ಬಂದದ್ದು 1963ರಲ್ಲಿ. ಅದರ ಓರಗೆಯ ಕ್ರೇಗರ್ ಚಕ್ರ 1964ರಲ್ಲಿ. ನನ್ನ ಕಾರಿನ ಮಿಕ್ಕ ಅಂಗಾಂಗಗಳೆಲ್ಲ 1948ರಲ್ಲಿ ನಿಂತಿವೆ. ಅದಕ್ಕೆ 1963ರ ಚಕ್ರ ತೊಡಿಸಿದರೆ ಮಯೂರವರ್ಮನ ಸಿನಿಮಾದಲ್ಲಿ ಸೇನಾಪತಿ ಎಚ್.ಎಂ.ಟಿ. ವಾಚು ಕಟ್ಟಿಕೊಂಡು ಕತ್ತಿ ಬೀಸಿದ ಹಾಗೆ. ಪ್ರೇಕ್ಷಕರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಕತ್ತಿ ನೋಡುತ್ತಾರೆ, ನಿಜ. ಆ ಉಳಿದ ಒಬ್ಬನ ಕಾಟ ನನಗೆ. ಅವನು ನಾನೇ ಆಗಿರುವುದರಿಂದ ತಪ್ಪಿಸಿಕೊಳ್ಳಲೂ ಆಗುವುದಿಲ್ಲ.

ಹಾಗಾದರೆ ಹುಟ್ಟು ಚಕ್ರವನ್ನೇ ಹಾಕಬಹುದಲ್ಲ ಎಂದರೆ, ಅದೂ ಅಷ್ಟು ಸರಿಯಲ್ಲ. ಇಲ್ಲಿ ಸ್ವಲ್ಪ ಬ್ರೇಕಿನ ವಿಷಯ ಹೇಳಬೇಕು; ಬೇಸರವಾದವರು ಮುಂದಿನ ಪ್ಯಾರಾಕ್ಕೆ ಹೋಗಬಹುದು. ಹೆನ್ರಿ ಫೋರ್ಡ್ ಮಹಾ ಹಟಮಾರಿ. ಮಿಕ್ಕ ಕಂಪನಿಗಳೆಲ್ಲ ಎಣ್ಣೆಯ ಒತ್ತಡದ ಬ್ರೇಕಿಗೆ ಬಂದರೂ ಆತ ಕಬ್ಬಿಣದ ಸರಳು ಎಳೆಯುವ ಬ್ರೇಕನ್ನೇ ಹಿಡಿದು ಕೂತಿದ್ದ. ಬಗ್ಗಿದ್ದು 1939ರ ಕಾರಿಗೆ. ಆ ವರ್ಷ ಚಕ್ರದ ಬೋಲ್ಟುಗಳು ಡ್ರಮ್ಮಿನ ಅಂಚಿಗೆ, ಬಹಳ ಅಗಲಕ್ಕೆ ಹರಡಿಕೊಂಡಿದ್ದವು. 1940ರಲ್ಲಿ ಅವು ಐದೂವರೆ ಇಂಚಿನ ವೃತ್ತದ ಮೇಲೆ ಐದು ಬೋಲ್ಟು ಎಂಬ ಹಳೇ ಲೆಕ್ಕಕ್ಕೆ ವಾಪಸು ಬಂದವು. ಅಂದರೆ ಗುಜರಿಯಲ್ಲಿ ಅಪ್ಪಚ್ಚಿಯಾಗಿ ಬಿದ್ದ 1940ರ ಕಾರಿನಿಂದ ಒಳ್ಳೇ ಬ್ರೇಕು ಬಿಚ್ಚಿ ತರುವ ಹುಡುಗ ಅದರ ಹದಿನಾರು ಇಂಚಿನ ಉಕ್ಕಿನ ಚಕ್ರವನ್ನೂ ಜೊತೆಗೇ ಉರುಳಿಸಿಕೊಂಡು ಬರುತ್ತಿದ್ದ. ಕಾರನ್ನು ಜೋರಾಗಿ ಓಡಿಸುವವನಿಗೆ ನಿಲ್ಲಿಸುವ ಚಿಂತೆಯೂ ಇರುತ್ತದೆ. ಚಕ್ರದ ಅಂದಚೆಂದ ಆಮೇಲಿನ ಮಾತು. 1932ರ ಕಾರಿಗೆ 1940ರ ಚಕ್ರ ಹೀಗೆ ಬಂತು, ಮತ್ತು ಇವತ್ತು ಶಾಸ್ತ್ರಬದ್ಧ ಎನಿಸಿಕೊಂಡಿರುವುದು ಅದೇ.

ಪೆಟ್ಟಿಗೆಯಲ್ಲಿ ಅದು ಇರಲಿಲ್ಲ. ಮಗಳಿಗೆ ಹೇಳಿದೆ. ಅವಳು 1940ರ ಫೋರ್ಡಿನ ಇನ್ನೊಂದು ಇಡೀ ಕಿಟ್ಟನ್ನೇ ಕಳಿಸಿದಳು. ಮಾಡೆಲ್ಲು ಕಟ್ಟುವವರ ಲೋಕದಲ್ಲಿ ಇದು ಮಾಮೂಲು; ಒಂದನ್ನು ಮುರಿದು ಇನ್ನೊಂದನ್ನು ಕಟ್ಟುವುದು. ನಮ್ಮ ಮನೆಯಲ್ಲಿ ಮಾತ್ರ ಅದು ಮಾಮೂಲಾಗಿ ಸ್ವೀಕಾರವಾಗಲಿಲ್ಲ.

“ನಾಲ್ಕು ಗಾಲಿಗೆ ಒಂದು ಕಾರೇ?”

“ಆ ಕಾಲದ ಹುಡುಗರೂ ಹೀಗೇ ಮಾಡುತ್ತಿದ್ದರು ಕಣೇ, ಗುಜರಿಯಿಂದ.”

“ಅವರು ಗುಜರಿಯಿಂದ ತರುತ್ತಿದ್ದರು. ನೀವು ಮನೆಯನ್ನೇ ಗುಜರಿ ಮಾಡ್ತಿದ್ದೀರಿ.”

ಚಕ್ರ ಸಿಕ್ಕಿತು, ಟಯರು ಉಳಿಯಿತು. ಎರಡೂ ಕಿಟ್ಟಿನ ರಬ್ಬರು ಟಯರುಗಳ ಭುಜ ಚೌಕವಾಗಿತ್ತು. ಇವತ್ತಿನ ರೇಡಿಯಲ್ ಟಯರಿಗೆ ಇರುವಂಥ, ಮೂಲೆಮಟ್ಟ ಹಿಡಿದು ಕೊರೆದಂಥ ಭುಜ. ಅಮೆರಿಕದ ರಸ್ತೆಗಳಿಗೆ ರೇಡಿಯಲ್ ಬಂದು ನೆಲೆಯಾದದ್ದು 1970ರ ದಶಕದಲ್ಲಿ. ಅದಕ್ಕೆ ಹಿಂದಿನ ಅಡ್ಡಪದರದ ಟಯರಿಗೆ ದುಂಡು ಭುಜ, ಕಿರಿದಾದ ನೆಲಮುಟ್ಟು. ಅದನ್ನು ಕಣ್ಣಾರೆ ನೋಡಬೇಕಿತ್ತು. 1948ರ ಕ್ಯಾಲಿಫೋರ್ನಿಯಾಕ್ಕೆ ಯಾರು ಟಿಕೆಟ್ ಕೊಡುತ್ತಾರೆ?

ಬಲ್ಲಭಗಢದ ಕಡೆ ಮಥುರಾ ರಸ್ತೆಯ ಟಯರ್ ಅಂಗಡಿಯವನು ಕೊಟ್ಟ.

ಫರೀದಾಬಾದನ್ನು ಕಾಣದವರಿಗೆ ಒಂದು ಮಾತು. ದೇಶ ಒಡೆದಾಗ ವಾಯವ್ಯ ಗಡಿನಾಡಿನಿಂದ ಬಂದ ನಿರಾಶ್ರಿತರಿಗಾಗಿ 1949ರ ಹೊತ್ತಿಗೆ ಇಲ್ಲಿ ಹೊಸ ಕೈಗಾರಿಕಾ ಪಟ್ಟಣ ಎದ್ದಿತು. ಹಿಂದೆಯೇ ಕಾರ್ಖಾನೆಗಳು ಬಂದವು. ಮೆಟ್ರೋ ನಿಲ್ದಾಣಗಳ ಹೆಸರಿನಲ್ಲೂ ಅವೇ: ಬಾಟಾ ಚೌಕ್, ಎಸ್ಕಾರ್ಟ್ಸ್ ಮುಜೇಸರ್. ನಮ್ಮ ದೇಶದಲ್ಲೇ ತಯಾರಾದ ಮೊದಲ ಟ್ರ್ಯಾಕ್ಟರು, ಐಷರ್, ಇಲ್ಲಿಂದ ಹೊರಟದ್ದು 1959ರಲ್ಲಿ. ಬಲ್ಲಭಗಢದಲ್ಲಿ ಗುಡ್‌ಇಯರ್ ಟಯರಿನ ಕಾರ್ಖಾನೆ. ನಾನು ಮೈಸೂರಿನಿಂದ ಬಂದವನು, ಯಾದವಗಿರಿಯ ಐಡಿಯಲ್ ಜಾವಾದ ಊರಿನವನು. ಇಲ್ಲಿ ಇಳಿದಾಗ ರಸ್ತೆ ತುಂಬ ರಾಜದೂತ್ ಬೈಕು. ಜಾವಾದ ಊರಿನವನು ರಾಜದೂತ್ ಊರಿಗೆ ಬರುವುದೆಂದರೆ ಮಡಿವಂತ ಮಾಧ್ವರ ಮನೆಯ ಹುಡುಗ ಪಂಜಾಬಿ ಢಾಬಾದಲ್ಲಿ ಕೆಲಸಕ್ಕೆ ಸೇರಿದ ಹಾಗೆ. ಒಂದಷ್ಟು ದಿನ ಮೂಗು ಮುರಿದೆ, ಆಮೇಲೆ ಒಗ್ಗಿಹೋಯಿತು. ಆ ರಾಜದೂತ್ ಮಾಡುತ್ತಿದ್ದ ಎಸ್ಕಾರ್ಟ್ಸಿನವರೇ 1970ರ ದಶಕದಲ್ಲಿ ಫೋರ್ಡ್ ಕಂಪನಿಯ ಜೊತೆ ಸೇರಿ ಇಲ್ಲಿ ಫೋರ್ಡ್ 3000 ಟ್ರ್ಯಾಕ್ಟರು ಮಾಡಿದರು. ಅಂದರೆ ಹೆನ್ರಿ ಫೋರ್ಡನ ಹೆಸರು ಹೊತ್ತ ಗಾಡಿ ನನ್ನ ಮೇಜಿಗೆ ಬರುವುದಕ್ಕೆ ಬಹಳ ಮೊದಲೇ ಈ ಊರಿನ ಹೊಲಗಳಲ್ಲಿ ಓಡಾಡಿಕೊಂಡಿತ್ತು.

ಅಂಗಡಿಯ ಮುಂದೆ ಟ್ರ್ಯಾಕ್ಟರಿನ ಹಿಂದಿನ ಟಯರುಗಳು ಆಳೆತ್ತರಕ್ಕೆ ನಿಂತಿದ್ದವು. ಪಕ್ಕದಲ್ಲಿ ಮುಂದಿನವು, ಸಣ್ಣವು, ಒಂದರ ಮೇಲೊಂದು. ಮೇಲಿನದರ ಗೋಡೆಯ ಮೇಲೆ ಉಬ್ಬಿದ ಅಕ್ಷರ: 6.00-16. ನಾನು ಅಲ್ಲೇ ನಿಂತುಬಿಟ್ಟೆ. 1935ರಿಂದ 1948ರವರೆಗೆ ಫೋರ್ಡ್ ಕಾರುಗಳು ಕಾರ್ಖಾನೆಯಿಂದ ಹೊರಬರುತ್ತಿದ್ದದ್ದು ಇದೇ ಅಳತೆಯ ಟಯರಿನ ಮೇಲೆ. ಅಲ್ಲಿ ಕಾರುಗಳು ಇದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಇಲ್ಲಿ ಗೋಧಿ ಹೊಲ ಉಳುವ ಟ್ರ್ಯಾಕ್ಟರಿನ ಮುಂಗಾಲಾಗಿ ಅದು ಇನ್ನೂ ಹೊಸದಾಗಿ ಹುಟ್ಟುತ್ತಲೇ ಇದೆ.

“ಛೇ-ಸೋಲಾ ಬೇಕಾ? ಯಾವ ಗಾಡಿಗೆ?” ಅಂಗಡಿಯವನು ಕೇಳಿದ.

“ಫೋರ್ಡಿಗೆ.”

“ಯಾವ ಫೋರ್ಡು, 3600ಆ?”

“1932.”

ಅವನು ಒಂದು ಗಳಿಗೆ ನನ್ನ ಮುಖ ನೋಡಿ, ಹುಡುಗನಿಗೆ ಚಹಾ ತರಲು ಹೇಳಿದ. ಗಿರಾಕಿ ದೊಡ್ಡದು ಅಂದುಕೊಂಡನೋ, ಬಿಸಿಲಿನ ಪ್ರಭಾವ ಅಂದುಕೊಂಡನೋ ತಿಳಿಯದು. ಟಯರು ಬೇಡ, ಅಳತೆ ಸಾಕು ಎಂದಾಗಲೂ ಬೈಯಲಿಲ್ಲ. ಜೇಬಿನಿಂದ ಟೇಪು ತೆಗೆದು ಮಂಡಿಯೂರಿದೆ. ಹೊಸ ಟಯರಿನ ಮೈಮೇಲೆ ಅಚ್ಚಿನ ತೂತುಗಳಿಂದ ಹೊಮ್ಮಿ ಬಂದ ಸಣ್ಣ ಸಣ್ಣ ರಬ್ಬರ್ ಕೂದಲುಗಳಿರುತ್ತವೆ, ಅವು ಅಂಗೈಗೆ ಚುಚ್ಚಿದವು. ಭುಜ ನಾನು ಅಂದುಕೊಂಡದ್ದಕ್ಕಿಂತಲೂ ದುಂಡಗಿತ್ತು. ಗೋಡೆ ರಿಮ್ಮಿನ ಹತ್ತಿರ ಒಳಗೆ ಸರಿದು, ನಡುವೆ ಉಬ್ಬಿ, ಮೇಲೆ ಸದ್ದಿಲ್ಲದೆ ತಿರುಗಿ ಪಟ್ಟೆಗಳಿಗೆ ಸೇರಿಕೊಳ್ಳುತ್ತಿತ್ತು. ಎತ್ತರ ಹತ್ತಿರಹತ್ತಿರ ಇಪ್ಪತ್ತೊಂಬತ್ತು ಇಂಚು. ಟ್ರ್ಯಾಕ್ಟರಿನದಾದ್ದರಿಂದ ಕಾರಿನದಕ್ಕಿಂತ ಒಂದು ಕೂದಲು ಹೆಚ್ಚು. ಇಪ್ಪತ್ತೈದರಲ್ಲಿ ಒಂದು ಪಾಲಿನ ಮಾಡೆಲ್ಲಿನಲ್ಲಿ ಒಂದು ಸುಖವಿದೆ: ಒಂದು ಇಂಚು ಅಲ್ಲಿ ಸರಿಸುಮಾರು ಒಂದು ಮಿಲಿಮೀಟರು. ಹದಿನಾರು ಇಂಚಿನ ರಿಮ್ಮು ಹದಿನಾರು ಮಿಲಿಮೀಟರು. ಕ್ಯಾಲ್ಕ್ಯುಲೇಟರು ಬೇಕಿಲ್ಲ, ದೇವರು ಮಾಡೆಲ್ಲು ಕಟ್ಟುವ ಮುದುಕರ ಮೇಲೆ ಕರುಣೆ ಇಟ್ಟೇ ಈ ಅನುಪಾತ ಸೃಷ್ಟಿಸಿದ್ದಾನೆ.

ಚಹಾ ಕುಡಿಯುತ್ತ ರಸ್ತೆ ನೋಡುತ್ತ ಕೂತಾಗ ಇನ್ನೊಂದು ಕಂಡಿತು. ಹಾಟ್ ರಾಡಿನ ನಿಲುವಿಗೆ ಒಂದು ಶಾಸ್ತ್ರವಿದೆ: ಮುಂದೆ ಸಣ್ಣ ಟಯರು, ಹಿಂದೆ ದೊಡ್ಡದು, ಮೂಗು ನೆಲಕ್ಕೆ ಬಾಗಿರಬೇಕು. ಒಣಕೆರೆಯ ಹುಡುಗರು ಹಿಂದೆ ದೊಡ್ಡ ಟಯರು ಹಾಕಿದ್ದು ಚೆಂದಕ್ಕಲ್ಲ. ಎಂಜಿನ್ನು ಅಷ್ಟೇ ಸುತ್ತಿದರೂ ದೊಡ್ಡ ಚಕ್ರ ಪ್ರತಿ ಸುತ್ತಿಗೆ ಹೆಚ್ಚು ನೆಲ ಹಿಂದೆ ಹಾಕುತ್ತದೆ, ಕೊನೆಯ ವೇಗ ಏರುತ್ತದೆ. ಟ್ರ್ಯಾಕ್ಟರಿನ ಕಾರಣ ಬೇರೆ. ಅದಕ್ಕೆ ಕೆಸರಿನಲ್ಲಿ ಹಿಡಿತ ಬೇಕು. ಆದರೆ ನಿಲುವು ಅದೇ. ಮಥುರಾ ರಸ್ತೆಯ ಮೇಲೆ ಕಬ್ಬು ಹೇರಿಕೊಂಡು, ಟ್ರಾಲಿಯಲ್ಲಿ ನೆಂಟರಿಷ್ಟರನ್ನು ತುಂಬಿಕೊಂಡು, ಡೆಕ್ಕಿನಲ್ಲಿ ಹರಿಯಾಣವಿ ಹಾಡು ಹಾಕಿಕೊಂಡು ಹೋಗುವ ಒಂದೊಂದು ಟ್ರ್ಯಾಕ್ಟರೂ ಮುಂದೆ ತಗ್ಗಿ ಹಿಂದೆ ಎದ್ದಿತ್ತು. ಕಾರ್ಖಾನೆಯಲ್ಲಿ ಇಷ್ಟು ಕಾಲ ಅದರ ಬಿಡಿಭಾಗಗಳ ಸಾವಿರದಲ್ಲೊಂದು ಪಾಲನ್ನು ಅಳೆಯುತ್ತ ಕೂತಿದ್ದವನಿಗೆ ಇಡೀ ಗಾಡಿಯನ್ನು ಒಮ್ಮೆ ದೂರದಿಂದ ನೋಡುವ ಪುರುಸೊತ್ತು ಸಿಕ್ಕಿರಲಿಲ್ಲ.

ಮನೆಗೆ ಬಂದು ಕಿಟ್ಟಿನ ಟಯರನ್ನು ಡ್ರಿಲ್ಲಿಗೆ ಸಿಕ್ಕಿಸಿ, ಉಪ್ಪುಕಾಗದ ಹಿಡಿದು ಭುಜ ದುಂಡಗೆ ಮಾಡಿದೆ. ಕಪ್ಪು ಹಿಟ್ಟು ಉದುರಿ ಉಪ್ಪಿನಕಾಯಿ ಜಾಡಿಯ ಮೇಲೂ ಕೂತಿತು. ಆ ಸಂಜೆಯ ವಿವರ ಇಲ್ಲಿ ಅಪ್ರಸ್ತುತ.

‘ಕಾಲಕ್ಕೆ ಸರಿಯಾದದ್ದು’ ಎಂಬ ಈ ಗೀಳಿನ ಬಗ್ಗೆ ನನಗೆ ಪೂರ್ತಿ ನೆಮ್ಮದಿಯೇನೂ ಇಲ್ಲ. ಅಪ್ಪನ ಹತ್ತಿರ ಒಂದು ಜಾವಾ ಇತ್ತು. ಅದರ ಚಕ್ರವೂ ಹದಿನಾರು ಇಂಚಿನದೇ. ಕೊಂಡ ಹೊಸದರಲ್ಲಿ ಹೇಗಿತ್ತೋ ನನಗೆ ನೆನಪಿಲ್ಲ. ನನಗೆ ನೆನಪಿರುವ ಜಾವಾಕ್ಕೆ ಹಿಂದೆ ಒಂದು ಕಬ್ಬಿಣದ ಕ್ಯಾರಿಯರ್ ಇತ್ತು. ಅಗ್ರಹಾರದ ಸೈಕಲ್ ಷಾಪಿನಲ್ಲಿ ವೆಲ್ಡ್ ಮಾಡಿಸಿದ್ದು, ಅಮ್ಮನ ತವರಿನಿಂದ ಅಕ್ಕಿ ತರಲಿಕ್ಕೆ. ಹಿಂದಿನ ಚಕ್ರದ ಕಡ್ಡಿಗಳಲ್ಲಿ ಕೆಲವು ಹೊಳೆಯುತ್ತಿದ್ದವು, ಕೆಲವು ತುಕ್ಕು. ಮುರಿದಾಗ ಮುರಿದಾಗ ಒಂದೊಂದೇ ಹಾಕಿಸಿದ್ದು. ಅಮ್ಮನ ಸೀರೆ ಸಿಕ್ಕದಂತೆ ಅಪ್ಪ ತಗಡು ಬಡಿದು ಮಾಡಿದ ಮರೆ ಎಡಗಡೆ ಇತ್ತು. ಹಸಿರು ಬಣ್ಣದ್ದು. ಮನೆಯ ಕಿಟಕಿಗೆ ಹೊಡೆದು ಮಿಕ್ಕಿದ್ದ ಬಣ್ಣ. ಅಪ್ಪ ಹೋದ ಮೇಲೆ ತಮ್ಮ ಅದನ್ನು ಒಬ್ಬ ಜಾವಾ ಪ್ರೇಮಿಗೆ ಕೊಟ್ಟ. ಆತ ಬಹಳ ನಿಷ್ಠಾವಂತ. ಈಗ ಅದು ಜುಲೈನಲ್ಲಿ ನಡೆಯುವ ಜಾವಾ-ಯೆಜ್ಡಿ ದಿನದ ಮೆರವಣಿಗೆಗೆ ಹೋಗುತ್ತದಂತೆ. ತಮ್ಮ ಫೋಟೋ ಕಳಿಸಿದ. ಮೆರೂನ್ ಬಣ್ಣ, ಕ್ರೋಮು, ಚಕ್ರದಲ್ಲಿ ಒಂದೇ ಸಮ ಹೊಳೆಯುವ ಹೊಸ ಕಡ್ಡಿಗಳು. ಎಲ್ಲ ಕಾರ್ಖಾನೆಯಿಂದ ಹೊರಟ ದಿನದಂತೆ. ಚೆನ್ನಾಗಿಯೇ ಇತ್ತು. ಯಾರ ಮನೆಯದೋ ಜಾವಾ ನೋಡಿದಂತಾಯಿತು.

ಹಂಪಿಯ ಕಲ್ಲಿನ ರಥದ ಕತೆಯೂ ಇಂಥದೇ. ಐವತ್ತು ರೂಪಾಯಿ ನೋಟಿನ ಮೇಲೆ ಅದನ್ನು ನೋಡುತ್ತೇವಲ್ಲ, ಅದಕ್ಕೆ ಮೊದಲು ಮೇಲೆ ಇಟ್ಟಿಗೆಯ ಗೋಪುರವಿತ್ತು. 1856ರಲ್ಲಿ ಗ್ರೀನ್‌ಲಾ ಎಂಬ ಸೇನಾಧಿಕಾರಿ ತೆಗೆದ ಫೋಟೋದಲ್ಲಿ ಅದು ಕಾಣುತ್ತದೆ. ಆಮೇಲೆ ತೆಗೆದುಹಾಕಿದರು. ಮುಂದೆ ನಿಂತಿರುವ ಆನೆಗಳೂ ಮೊದಲಿನವಲ್ಲ. ಅಲ್ಲಿ ಕುದುರೆಗಳಿದ್ದವು, ಆನೆಗಳ ಹಿಂದೆ ಬಗ್ಗಿ ನೋಡಿದರೆ ಕುದುರೆಯ ಬಾಲವೂ ಹಿಂಗಾಲೂ ಈಗಲೂ ಕಾಣುತ್ತವೆ. ತಿರುಗುತ್ತಿದ್ದ ಚಕ್ರಗಳನ್ನು ಪ್ರವಾಸಿಗಳ ಕೈಚಳಕಕ್ಕೆ ಹೆದರಿ ಸಿಮೆಂಟು ಹಾಕಿ ನಿಲ್ಲಿಸಿದ್ದಾರೆ. ಮೇಲ್ಛಾವಣಿ ಗಿಡ್ಡ, ಮುಂಭಾಗ ಬೇರೆ ಕಡೆಯದು, ಚಕ್ರಕ್ಕೆ ತಿದ್ದುಪಡಿ. ಕ್ಯಾಲಿಫೋರ್ನಿಯಾದ ಹುಡುಗರು ಕಂಡಿದ್ದರೆ ತಮ್ಮವರೇ ಎಂದು ತಬ್ಬಿಕೊಳ್ಳುತ್ತಿದ್ದರು. ಕುದುರೆಗಳನ್ನೇ ಮತ್ತೆ ತಂದು ನಿಲ್ಲಿಸಿ ಎಂದು ಯಾರಾದರೂ ಅರ್ಜಿ ಹಾಕಿದರೆ ನಾನಂತೂ ಆನೆಗಳ ಪರ.

ಆದರೂ ಮ್ಯಾಗ್ ಚಕ್ರ ಬೇಡವೇ ಬೇಡ. ಇದನ್ನು ತರ್ಕವಿಲ್ಲದ ಹಟ ಎನ್ನಬೇಡಿ, ಸ್ವಲ್ಪ ತರ್ಕವಿದೆ. ನಾನು ಕಟ್ಟುತ್ತಿರುವುದು ಕಾರ್ಖಾನೆಯ ಕಾರನ್ನಲ್ಲ, ಒಬ್ಬ ಹುಡುಗನ ಕಾರನ್ನು. ವಯಸ್ಸು ಇಪ್ಪತ್ತೆರಡು, ಯುದ್ಧದಿಂದ ಬಂದಿದ್ದಾನೆ, ಪೆಟ್ರೋಲ್ ಬಂಕಿನಲ್ಲಿ ಕೆಲಸ. ಅವನ ಜೇಬಿಗೆ ಹ್ಯಾಲಿಬ್ರಾಂಡಿನವರ ಮೆಗ್ನೀಸಿಯಂ ಚಕ್ರ ಎಟುಕದು; ರೇಸು ಕಾರುಗಳ ಚಿತ್ರದಲ್ಲಿ ನೋಡಿ ನಿಟ್ಟುಸಿರು ಬಿಟ್ಟಿರುತ್ತಾನೆ. ಬಿಳಿಯಂಚಿನ ಟಯರಿಗೆ ಆಸೆಪಟ್ಟಿರಬಹುದು. ಆ ಕಾಲದ ಬಿಳಿಯಂಚು ಅಗಲವಾಗಿರುತ್ತಿತ್ತು, ಸಣ್ಣಗಾದದ್ದು 1960ರ ದಶಕ ಶುರುವಾದ ಮೇಲೆ. ಬಿಳಿಯಂಚು ಇವನಿಗೆ ಬೇಡ ಅಂತ ತೀರ್ಮಾನಿಸಿದೆ, ತೊಳೆಯುವವರು ಯಾರು? ಕಪ್ಪು ಟಯರು, ಕೆಂಪು ಬಳಿದ 1940ರ ಚಕ್ರ. ಮೂರು ಚಕ್ರಕ್ಕೆ ಹೊಳೆಯುವ ಹಬ್ ಕ್ಯಾಪು. ನಾಲ್ಕನೆಯದು ಎಲ್ಲೋ ಬಿದ್ದುಹೋಗಿದೆ, ಅಲ್ಲಿ ಐದು ಬೋಲ್ಟುಗಳು ಬೆತ್ತಲೆಯಾಗಿ ಕಾಣುತ್ತವೆ. ಸೂಜಿಯ ಮೊನೆಯಲ್ಲಿ ಆ ಬೋಲ್ಟುಗಳಿಗೆ ಒಂದಿಷ್ಟು ತುಕ್ಕಿನ ಬಣ್ಣ ಮುಟ್ಟಿಸುವಾಗ ಉಸಿರು ಬಿಗಿಹಿಡಿಯಬೇಕಾಗುತ್ತದೆ. ನನ್ನ ವಯಸ್ಸಿಗೆ ಅದು ಪ್ರಾಣಾಯಾಮವೂ ಆಯಿತು.

ಕೆಳಗಿನ ಮನೆಯ ತಾವೂಜಿ ಹುಕ್ಕಾ ಬಿಟ್ಟು ಇದನ್ನು ನೋಡಲು ಬಂದರು. ಯಮುನೆಯ ಕಡೆಯ ಹಳ್ಳಿಯವರು, ಜಮೀನು ಮಕ್ಕಳಿಗೆ ಬಿಟ್ಟು ಪಟ್ಟಣ ಸೇರಿದವರು. ನಾನು ಚಕ್ರದ ಇತಿಹಾಸ, ಬ್ರೇಕಿನ ಇತಿಹಾಸ, ಬೋಲ್ಟಿನ ವೃತ್ತ ಎಲ್ಲ ವಿವರಿಸಿದೆ. ಅವರು ಮೀಸೆ ತೀಡಿಕೊಂಡು ಕೇಳಿದರು.

“ಇಂಜಿನಿಯರ್ ಸಾಬ್, ಚಕ್ರ ಅಂದಮೇಲೆ ತಿರುಗಿದರೆ ಆಯಿತು. ಇಷ್ಟೆಲ್ಲ ಯಾಕೆ?”

ಹೆಂಡತಿ ಅಡುಗೆಮನೆಯಿಂದಲೇ, “ಕೇಳಿ ತಾವೂಜಿ, ಚೆನ್ನಾಗಿ ಕೇಳಿ” ಅಂತ ಹಿಂದಿಯಲ್ಲಿ ಹುರಿದುಂಬಿಸಿದಳು.

ಎದ್ದು ಹೊರಟವರು ಬಾಗಿಲಲ್ಲಿ ನಿಂತರು. ಇಂಥದೇ ಒಂದು ಟ್ರ್ಯಾಕ್ಟರು ಮಾಡಿಕೊಡಲು ಆಗುತ್ತದೆಯೇ ಎಂದು ಕೇಳಿದರು. ಅವರ ತಂದೆ ಕೊಂಡದ್ದು, ಊರಿಗೇ ಮೊದಲನೆಯದಂತೆ. ಫೋರ್ಡ್ 3000. ನೀಲಿ ಮೈ, ಬಿಳಿ ರಿಮ್ಮು. ಆಗುತ್ತದೆ, ನೀಲಿ ಬಣ್ಣ ಇದ್ದೇ ಇದೆ, ರಿಮ್ಮುಗಳಿಗೆ ಬಿಳಿ ಬಳಿದರಾಯಿತು ಎಂದೆ. ತಾವೂಜಿ ಒಳಗೆ ಬಂದು ಮತ್ತೆ ಕೂತರು.

“ಹಾಗಲ್ಲ. ಮುಂದಿನ ಬಲಗಡೆಯದು ಹಳದಿ.”

“ಫೋರ್ಡಿಗೆ ಹಳದಿ ರಿಮ್ಮೇ?”

“ಎಪ್ಪತ್ತೆಂಟರ ಯಮುನಾ ಪ್ರವಾಹದಲ್ಲಿ ಮೂಲದ್ದು ಹಾಳಾಯಿತು. ಪಿತಾಜಿ ಬಲ್ಲಭಗಢದ ಗುಜರಿಯಿಂದ ಬೇರೆ ಟ್ರ್ಯಾಕ್ಟರಿನದು ತಂದರು. ತೂತು ಹೊಂದಲಿಲ್ಲ, ಮಿಸ್ತ್ರಿ ವೆಲ್ಡಿಂಗ್ ಹೊಡೆದು ಹೊಸ ತೂತು ಕೊರೆದ. ಸ್ವಲ್ಪ ಓರೆ ತಿರುಗುತ್ತಿತ್ತು.”

ನಾನು ಬರೆದುಕೊಂಡೆ. ಹಳದಿಯಲ್ಲೂ ಯಾವ ಹಳದಿ ಎಂಬ ಪ್ರಶ್ನೆ ಎದ್ದಿತು. ನನ್ನ ಹತ್ತಿರವಿದ್ದ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದೆ; ಅವರು ಕಿಟಕಿಯ ಬೆಳಕಿಗೆ ಹಿಡಿದು ತಲೆಯಾಡಿಸಿದರು, ಇದು ಲಡ್ಡುವಿನ ಹಳದಿ, ಅದು ಸಾಸಿವೆ ಹೂವಿನದು. ವೆಲ್ಡಿಂಗಿನ ಗೆರೆ ಒಳಗಡೆ ಬರಬೇಕೋ ಹೊರಗಡೆಯೋ ಎಂದು ಕೇಳಿದೆ. ಅವರಿಗೆ ಖಾತ್ರಿಯಿರಲಿಲ್ಲ. ಊರಿನಲ್ಲಿರುವ ಅಣ್ಣನಿಗೆ ಅಲ್ಲಿಂದಲೇ ಫೋನು ಹಚ್ಚಿದರು. ಅಣ್ಣ, ರಿಮ್ಮು ಹಳದಿಯೇ ಹೌದು, ಆದರೆ ಅದು ಎಡಗಡೆಯದು ಎಂದ. ಇಬ್ಬರೂ ಜೋರಾಗಿ ಹರಿಯಾಣವಿಯಲ್ಲಿ ವಾದಕ್ಕಿಳಿದರು. ಹೆಂಡತಿ ಇನ್ನೂ ಎರಡು ಲೋಟ ಚಹಾಕ್ಕೆ ನೀರಿಟ್ಟಳು.